ಮೊಳ, ಮಾರು ಮತ್ತು ಅತಿಥಿ: ಬಾಲಿಯ ಮನೆ ರೆಸಾರ್ಟ್ ಆದ ಬಗೆ

ಕುಷಾಯಿಗೂಡದ ಯಾವುದೇ ಬಟ್ಟೆ ಅಂಗಡಿಗೆ ಹೋಗಿ ಪೋಚಂಪಲ್ಲಿ ಸೀರೆ ತೋರಿಸಿ ಎಂದರೆ ಅಂಗಡಿಯವರು ಕೇಳುವ ಮೊದಲ ಪ್ರಶ್ನೆ, ‘ಇಕ್ಕತ್ ಬೇಕಾ?’ ಎಂಬುದು. ಈ ಪದ ತೆಲುಗಿನದಲ್ಲ, ಕನ್ನಡದ್ದೂ ಅಲ್ಲ. ಮಲಯ ಮತ್ತು ಇಂಡೋನೇಷ್ಯ ಭಾಷೆಗಳಲ್ಲಿ ‘ಇಕತ್’ ಎಂದರೆ ಕಟ್ಟುವುದು, ಬಿಗಿಯುವುದು. ನೇಯುವುದಕ್ಕೆ ಮೊದಲೇ ನೂಲನ್ನು ಅಲ್ಲಲ್ಲಿ ಬಿಗಿದು ಕಟ್ಟಿ, ಬಣ್ಣದಲ್ಲಿ ಅದ್ದಿ, ಬಿಚ್ಚಿ, ಮತ್ತೆ ಕಟ್ಟಿ ಅದ್ದುವ ಕ್ರಮಕ್ಕೆ ಜಗತ್ತಿನ ಮಾರುಕಟ್ಟೆ ಆ ದ್ವೀಪಗಳ ಹೆಸರನ್ನೇ ಇಟ್ಟಿದೆ. ನಮ್ಮ ನಗರದ ಮಗ್ಗುಲಲ್ಲೇ, ಯಾದಾದ್ರಿ ಭುವನಗಿರಿ ಜಿಲ್ಲೆಯಲ್ಲಿ ನೇಯ್ದ ಬಟ್ಟೆಯನ್ನು ನಾವು ದ್ವೀಪಾಂತರದ ಪದದಿಂದ ಕರೆದು ಕೊಳ್ಳುತ್ತೇವೆ. ಹಾಸು, ಹೊಕ್ಕು ಎರಡನ್ನೂ ಹೀಗೆ ಕಟ್ಟಿ ಬಣ್ಣ ಹಾಕಿ, ನೇಯುವಾಗ ಎರಡರ ಚಿತ್ತಾರವೂ ಒಂದರ ಮೇಲೊಂದು ಸರಿಯಾಗಿ ಕೂರುವಂತೆ ಮಾಡುವ ಜೋಡಿ ಇಕ್ಕತ್ ಭೂಮಿಯ ಮೇಲೆ ಕೆಲವೇ ಕಡೆ ಉಳಿದಿದೆ: ಗುಜರಾತಿನ ಪಾಟಣ, ನಮ್ಮ ಪುಟ್ಟಪಾಕ, ಜಪಾನಿನ ಕೆಲವು ಊರುಗಳು, ಮತ್ತು ಬಾಲಿಯ ತೆಂಗಾನನ್ ಎಂಬ ಹಳ್ಳಿ. ಪುಟ್ಟಪಾಕದ ತೇಲಿಯಾ ರುಮಾಲಿನ ನೂಲನ್ನು ಎಣ್ಣೆ ಮತ್ತು ಹರಳುಕಾಯಿಯ ಬೂದಿಯಲ್ಲಿ ಪಳಗಿಸುತ್ತಾರೆ; ತೆಂಗಾನನ್‌ನ ‘ಗೆರಿಂಗ್‌ಸಿಂಗ್’ ಬಟ್ಟೆಯ ನೂಲನ್ನೂ ಎಣ್ಣೆಯಲ್ಲಿ ನೆನೆಸಿಯೇ ಬಣ್ಣಕ್ಕೆ ಇಳಿಸುತ್ತಾರೆ. ಗೆರಿಂಗ್ ಎಂದರೆ ರೋಗ, ಸಿಂಗ್ ಎಂದರೆ ಇಲ್ಲ. ಉಟ್ಟವರನ್ನು ಕಾಯುವ ಬಟ್ಟೆ.

ನಮ್ಮ ಬಳಗದ ನಾಲ್ಕು ಕುಟುಂಬಗಳು ಉಬುದ್ ಸಮೀಪದ ಒಂದು ರೆಸಾರ್ಟಿನಲ್ಲಿ ಮೂರು ರಾತ್ರಿ ಉಳಿದಾಗ ಈ ಬಟ್ಟೆಯ ತುಂಡೊಂದನ್ನು ಗಾಜಿನ ಚೌಕಟ್ಟಿನಲ್ಲಿಟ್ಟು ಸ್ವಾಗತ ಮಂಟಪದ ಗೋಡೆಗೆ ತೂಗುಹಾಕಿದ್ದನ್ನು ನೋಡಿದೆವು. ಇಸಿಐಎಲ್, ಅಣು ಇಂಧನ ಸಂಕೀರ್ಣ ಮೊದಲಾದ ಕಾರ್ಖಾನೆಗಳ ಸುತ್ತ ಬೆಳೆದ ನಮ್ಮ ಬಡಾವಣೆಯಿಂದ ಹೊರಟವರಿಗೆ ಅಲ್ಲಿಯ ಹಸುರು, ಕಲ್ಲಿನ ಬಾಯಿಂದ ಸುರಿಯುವ ನೀರು, ಹುಲ್ಲಿನ ಮಾಡು, ಬಾಗಿಲಲ್ಲಿ ಪ್ರತಿ ಬೆಳಿಗ್ಗೆ ತೆಂಗಿನ ಗರಿಯ ಪುಟ್ಟ ತಟ್ಟೆಯಲ್ಲಿ ಇಡುವ ಹೂ ಎಲ್ಲವೂ ಹಿತವಾಗಿಯೇ ಕಂಡವು. ಸುಖವನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ. ಇತ್ತೀಚಿನ ವರ್ಷಗಳಲ್ಲಿ ಬಾಲಿಗೆ ಹೋಗುವ ವಿದೇಶಿಯರಲ್ಲಿ ಆಸ್ಟ್ರೇಲಿಯದವರ ನಂತರ ಭಾರತೀಯರದೇ ದೊಡ್ಡ ಸಂಖ್ಯೆ. ಬೆಂಗಳೂರಿನಿಂದ ನೇರ ವಿಮಾನವೂ ಇದೆ. ಆದುದರಿಂದ ‘ಬಾಲಿಯ ಸಂಪ್ರದಾಯದಲ್ಲಿ ಬೇರೂರಿದ ರೆಸಾರ್ಟ್’ ಎಂಬ ಮಾತು ಹೇಗೆ ಹುಟ್ಟಿತು, ಬೇರು ಯಾರ ನೆಲದಲ್ಲಿದೆ ಎಂದು ವಿಚಾರಿಸುವುದು ಓದುಗರಿಗೆ ಬೇಸರ ತರಲಾರದು ಎಂದು ಭಾವಿಸುತ್ತೇವೆ.

ಮೊದಲು ಮನೆಯ ಮಾತು. ಬಾಲಿಯ ಮನೆ ನಮ್ಮ ಅರ್ಥದ ಒಂದು ಕಟ್ಟಡವಲ್ಲ. ಎತ್ತರದ ಗೋಡೆಯೊಳಗಿನ ಒಂದು ಅಂಗಳ. ಅದರಲ್ಲಿ ಬಿಡಿಬಿಡಿಯಾಗಿ ನಿಂತ ಮಂಟಪಗಳು. ಮಂಟಪಕ್ಕೆ ಅವರು ‘ಬಲೇ’ ಎನ್ನುತ್ತಾರೆ. ಇದು ನಮ್ಮ ಮೀನಿನ ಬಲೆಯಲ್ಲ, ಕಂಬಗಳ ಮೇಲೆ ನಿಂತ, ಬಹುಪಾಲು ತೆರೆದೇ ಇರುವ ಚಾವಡಿ. ಒಂದು ಬಲೇ ಮಲಗುವುದಕ್ಕೆ, ಒಂದು ಮದುವೆ, ಹಲ್ಲು ಅರೆಯುವ ಶಾಸ್ತ್ರ, ಸಾವು ಮುಂತಾದ ಸಂಸ್ಕಾರಗಳಿಗೆ, ಒಂದು ಅತಿಥಿಗೆ. ಅಡುಗೆಮನೆ ಬೇರೆ, ಭತ್ತದ ಕಣಜ ಬೇರೆ. ದೇವರ ಗುಡಿಗಳು ಬೆಟ್ಟದ ಕಡೆಯ ಮೂಲೆಯಲ್ಲಿ. ಬಾಗಿಲು ದಾಟಿದೊಡನೆ ಎದುರಾಗುವ ಒಂದು ಅಡ್ಡಗೋಡೆ ನೇರವಾಗಿ ನುಗ್ಗುವ ದುಷ್ಟಶಕ್ತಿಗಳನ್ನು ತಡೆಯುತ್ತದೆ. ದಿಕ್ಕುಗಳೂ ಬೇರೆ. ಅವರಿಗೆ ಉತ್ತರ ದಕ್ಷಿಣಕ್ಕಿಂತ ಮುಖ್ಯವಾದದ್ದು ‘ಕಾಜ’ ಮತ್ತು ‘ಕೆಲೋದ್’, ಅಂದರೆ ಬೆಟ್ಟದ ಕಡೆ ಮತ್ತು ಕಡಲಿನ ಕಡೆ. ದ್ವೀಪದ ದಕ್ಷಿಣ ಭಾಗದಲ್ಲಿ ಬೆಟ್ಟ ಉತ್ತರಕ್ಕಿದ್ದರೆ, ಬಡಗಣ ಕರಾವಳಿಯ ಬುಲೆಲೆಂಗ್‌ನಲ್ಲಿ ಅದೇ ಬೆಟ್ಟ ದಕ್ಷಿಣಕ್ಕೆ. ಮಲಗುವಾಗ ತಲೆ ಬೆಟ್ಟದ ಕಡೆಗೋ ಪೂರ್ವಕ್ಕೋ ಇರಬೇಕು. ಉತ್ತರಕ್ಕೆ ತಲೆ ಹಾಕಿ ಮಲಗಬೇಡ ಎಂದು ಅಜ್ಜಿಯರಿಂದ ಬೈಸಿಕೊಂಡು ಬೆಳೆದ ನಮ್ಮಲ್ಲಿ ಹಿರಿಯರೊಬ್ಬರು ರೆಸಾರ್ಟಿನ ಮಂಚದಲ್ಲಿ ದಿಂಬನ್ನು ಕಾಲುದೆಸೆಗೆ ಹಾಕಿಕೊಂಡು ಮಲಗಿದ್ದೂ ಉಂಟು. ಎರಡು ನಂಬಿಕೆಗಳ ನಡುವೆ ಆ ಮಂಚಕ್ಕೆ ಏನನ್ನಿಸಿತೋ.

ಈ ಮನೆಯ ಅಳತೆಯ ಶಾಸ್ತ್ರಕ್ಕೆ ‘ಅಸ್ತ ಕೋಸಲ ಕೋಸಲಿ’ ಎಂದು ಹೆಸರು. ತಾಳೆಗರಿಯಲ್ಲಿ ಬರೆದಿಟ್ಟ ಈ ಶಾಸ್ತ್ರವನ್ನು ಬಲ್ಲ ಕಟ್ಟುಗನನ್ನು ‘ಉಂಡಾಗಿ’ ಎನ್ನುತ್ತಾರೆ. ಅಳತೆಗೋಲು ಮನೆಯ ಯಜಮಾನನ ಮೈ. ಎರಡೂ ಕೈ ಚಾಚಿದರೆ ‘ದೆಪ’, ಮೊಣಕೈಯಿಂದ ಬೆರಳ ತುದಿಗೆ ‘ಅಸ್ತ’, ಪಾದದುದ್ದ ‘ತಪಕ್’. ನಮ್ಮ ಮಾರು, ಮೊಳ, ಅಡಿಗಳೇ ಇವು. ಗೋಡೆಗೂ ಮಂಟಪಕ್ಕೂ ಎಷ್ಟು ಪಾದದ ಅಂತರ, ಕಂಬ ಎಷ್ಟು ಎತ್ತರ ಎಂಬುದೆಲ್ಲ ಆ ಒಬ್ಬ ಮನುಷ್ಯನ ದೇಹದಿಂದ ಹುಟ್ಟುತ್ತದೆ. ಮನೆ ಅವನಿಗೆ ಅಂಗಿಯಂತೆ ಹೊಂದುತ್ತದೆ. ಹಾಗಿದ್ದರೆ ದಿನಕ್ಕೊಬ್ಬ ಯಜಮಾನ ಬಂದುಹೋಗುವ ರೆಸಾರ್ಟಿನ ಮಂಟಪ ಯಾರ ಮೊಳದಲ್ಲಿ ಅಳೆದದ್ದು?

ಇಂದಿನ ರೆಸಾರ್ಟ್ ಈ ಅಂಗಳವನ್ನೇ ಎರವಲು ಪಡೆದಿದೆ. ಗೋಡೆಯೊಳಗೆ ಒಂದು ಕುಟುಂಬಕ್ಕೊಂದು ‘ವಿಲ್ಲಾ’, ಅಡ್ಡಗೋಡೆ, ಹುಲ್ಲಿನ ಮಾಡು, ಕಾಲು ಚಾಚಿ ಒರಗಲು ಒಂದು ಬಲೇ. ಸಂಸ್ಕಾರದ ಮಂಟಪವಿದ್ದ ಜಾಗದಲ್ಲಿ ಈಜುಕೊಳ. ಅನೇಕ ಕಡೆ ಭತ್ತದ ಕಣಜದ ಆಕಾರವನ್ನೇ ಮಲಗುವ ಕೋಣೆಯಾಗಿಸಿದ್ದಾರೆ. ನಮ್ಮ ಮಲೆನಾಡಿನಲ್ಲಿ ಯಾರಾದರೂ ಅತಿಥಿಗೆ ಕಣಜದಲ್ಲಿ ಹಾಸಿಗೆ ಹಾಸಿಕೊಟ್ಟರೆ ಊರೆಲ್ಲ ನಗುತ್ತಿತ್ತು.

ಈ ಎರವಲಿನ ಚರಿತ್ರೆಯನ್ನು ಓದಲು ಸನೂರ್ ಎಂಬ ಒಂದೇ ಕಡಲತೀರ ಸಾಕು. ಅಲ್ಲಿಯ ಹೋಟೆಲುಗಳ ಬೆನ್ನಿಗೆ, ಬ್ಲಂಜೊಂಗ್ ಎಂಬಲ್ಲಿ ಒಂದು ಪುಟ್ಟ ಗುಡಿಯ ಬಳಿ ಗಾಜಿನ ಆವರಣದೊಳಗೆ ಒಂದು ಕಲ್ಲಿನ ಕಂಬವಿದೆ. ಶ್ರೀ ಕೇಸರಿ ವರ್ಮದೇವ ಎಂಬ ಅರಸ ಶಕ 835ರಲ್ಲಿ, ಅಂದರೆ ಕ್ರಿ.ಶ. 914ರಲ್ಲಿ ನಿಲ್ಲಿಸಿದ್ದು. ಭಾಷೆ ಎರಡು, ಸಂಸ್ಕೃತ ಮತ್ತು ಹಳೆಯ ಬಾಲಿ. ಲಿಪಿಯೂ ಎರಡು, ಒಂದು ಉತ್ತರ ಭಾರತದ ನಾಗರಿಯ ಮೂಲರೂಪ, ಇನ್ನೊಂದು ದಕ್ಷಿಣದಿಂದ ಹೋಗಿ ದ್ವೀಪಗಳಲ್ಲಿ ಬೆಳೆದ ಕವಿ ಲಿಪಿ. ಪಟ್ಟದಕಲ್ಲಿನಲ್ಲಿ ಇಮ್ಮಡಿ ಕೀರ್ತಿವರ್ಮನ ಕಾಲದ ಕಂಬವನ್ನು ನೋಡಿದ ಕನ್ನಡಿಗರಿಗೆ ಇದು ಪರಿಚಿತ ದೃಶ್ಯ. ಅಲ್ಲಿಯೂ ಬಡಗಣ ಲಿಪಿ ಮತ್ತು ನಮ್ಮ ಲಿಪಿ ಅಕ್ಕಪಕ್ಕ ನಿಂತಿವೆ. ಬ್ಲಂಜೊಂಗ್ ಶಾಸನ ಹುಟ್ಟಿದಾಗ ಇಲ್ಲಿ ಮಾನ್ಯಖೇಟದಲ್ಲಿ ರಾಷ್ಟ್ರಕೂಟರು ಆಳುತ್ತಿದ್ದರು. ಇಷ್ಟು ಹೇಳಿ, ಬಾಲಿಯ ಸಂಸ್ಕೃತಿಯೆಲ್ಲ ನಾವೇ ಕಳಿಸಿಕೊಟ್ಟದ್ದು ಎಂದು ಎದೆ ತಟ್ಟಿಕೊಳ್ಳುವ ಪ್ರವಾಸಿ ಭಾರತೀಯರ ಸಾಲಿನಲ್ಲಿ ನಾವು ನಿಲ್ಲುವುದಿಲ್ಲ. ಅವರು ಪಡೆದದ್ದನ್ನು ತಮ್ಮ ಬೆಟ್ಟ ಕಡಲುಗಳ ಅಳತೆಗೆ ಕತ್ತರಿಸಿಕೊಂಡು ಬೇರೆಯೇ ಬಟ್ಟೆ ಹೊಲಿದರು.

ಅದೇ ಸನೂರ್ ತೀರದಲ್ಲಿ 1904ರಲ್ಲಿ ಒಂದು ಚೀನೀ ವ್ಯಾಪಾರಿ ಹಡಗು ಒಡೆಯಿತು. ಅದರ ಸರಕನ್ನು ಊರಿನವರು ದೋಚಿದರೆಂದು ಡಚ್ಚರು ಬದುಂಗ್ ಅರಸನಿಂದ ಪರಿಹಾರ ಕೇಳಿದರು, ಅರಸ ಒಪ್ಪಲಿಲ್ಲ. 1906ರ ಸೆಪ್ಟೆಂಬರಿನಲ್ಲಿ ಡಚ್ ಪಡೆ ಸನೂರಿನಲ್ಲಿ ಇಳಿದು ಡೆನ್ಪಸಾರ್‌ಗೆ ನಡೆಯಿತು. 20ರಂದು ಅರಸ, ಅವನ ಪರಿವಾರ, ಹೆಂಗಸರು, ಮಕ್ಕಳು ಬಿಳಿಯ ಬಟ್ಟೆಯುಟ್ಟು, ಒಡವೆ ತೊಟ್ಟು, ಕಠಾರಿ ಹಿಡಿದು ಅರಮನೆಯಿಂದ ಹೊರಗೆ ಬಂದು ಬಂದೂಕುಗಳೆದುರು ನಡೆದರು. ಗುಂಡಿಗೆ ಬೀಳದವರು ಒಬ್ಬರನ್ನೊಬ್ಬರು ಇರಿದುಕೊಂಡರು. ನೂರಾರು ಜನ ಸತ್ತರು. ಇದಕ್ಕೆ ‘ಪುಪುತಾನ್’, ಕೊನೆಗಾಣಿಸುವಿಕೆ ಎಂದು ಹೆಸರು. 1908ರಲ್ಲಿ ಕ್ಲುಂಗ್‌ಕುಂಗ್‌ನಲ್ಲಿ ಇಂಥದೇ ಇನ್ನೊಂದು ನಡೆದು ದ್ವೀಪದ ಕೊನೆಯ ಸ್ವತಂತ್ರ ಅರಸುಮನೆಯೂ ಹೋಯಿತು. ಯುರೋಪಿನಲ್ಲಿ ಛೀಮಾರಿಯಾಯಿತು. ಮುಖ ಉಳಿಸಿಕೊಳ್ಳಲೆಂದೋ, ಮುಸ್ಲಿಂ ರಾಷ್ಟ್ರೀಯತೆಯ ಗಾಳಿ ಜಾವಾದಿಂದ ಬೀಸದಿರಲೆಂದೋ, ಡಚ್ ಆಡಳಿತ ಬಾಲಿಯನ್ನು ‘ಜೀವಂತ ವಸ್ತುಸಂಗ್ರಹಾಲಯ’ವಾಗಿ ಕಾಪಾಡುವ ನೀತಿಗೆ ತಿರುಗಿತು. ಶಾಲೆಯ ಮಕ್ಕಳು ಬಾಲಿಯ ಉಡುಪನ್ನೇ ಉಡಬೇಕು, ಹಳೆಯ ಕಲೆಗಳನ್ನೇ ಕಲಿಯಬೇಕು. ಡಚ್ಚರ ಹಡಗು ಕಂಪನಿ 1928ರಲ್ಲಿ ಡೆನ್ಪಸಾರಿನಲ್ಲಿ ‘ಬಾಲಿ ಹೋಟೆಲ್’ ತೆರೆಯಿತು. ಪುಪುತಾನ್ ನಡೆದ ಬಯಲಿಗೆ ಅಲ್ಲಿಂದ ಕೆಲವೇ ಹೆಜ್ಜೆ.

ಅದಕ್ಕೆ ಒಂದು ವರ್ಷ ಮೊದಲು, 1927ರಲ್ಲಿ, ರವೀಂದ್ರನಾಥ ಠಾಕೂರರು ಭಾಷಾಶಾಸ್ತ್ರಜ್ಞ ಸುನೀತಿಕುಮಾರ ಚಟರ್ಜಿಯವರೊಡನೆ ಬಾಲಿಗೆ ಬಂದಿದ್ದರು. ಅದೇ ವರ್ಷ ಜರ್ಮನ್ ಚಿತ್ರಕಾರ ವಾಲ್ಟರ್ ಸ್ಪೀಸ್ ಉಬುದ್‌ಗೆ ಬಂದು ನೆಲೆಸಿದ. ಇಂದು ಪ್ರವಾಸಿಗಳು ಸಂಜೆ ಕುಳಿತು ನೋಡುವ, ನೂರು ಗಂಡಸರು ವೃತ್ತಾಕಾರವಾಗಿ ಕೂತು ‘ಚಕ್ ಚಕ್’ ಎನ್ನುತ್ತ ರಾಮಾಯಣವನ್ನು ಆಡಿತೋರಿಸುವ ಕೆಚಕ್, 1930ರ ದಶಕದಲ್ಲಿ ಸ್ಪೀಸ್ ಮತ್ತು ವಯನ್ ಲಿಂಬಕ್ ಎಂಬ ನರ್ತಕ ಸೇರಿ ಒಂದು ಹಳೆಯ ಆವೇಶದ ವಿಧಿಯ ಮೇಳದಿಂದ ರೂಪಿಸಿದ್ದು. ಸಾವಿರ ವರ್ಷದ ಕಲೆ ಎಂದು ನಮ್ಮ ಮಾರ್ಗದರ್ಶಿ ಹೇಳಿದ, ನಾವು ತಿದ್ದಲಿಲ್ಲ. ಕುತದ ಮರಳಿನಲ್ಲಿ 1936ರಲ್ಲಿ ಅಮೆರಿಕದ ಕೋಕ್ ದಂಪತಿಗಳು ಹುಲ್ಲಿನ ಮಾಡಿನ ಬಿಡಿ ಕುಟೀರಗಳ ಹೋಟೆಲು ತೆರೆದರು. ಬಾಲಿಯ ಗುಡಿಸಲನ್ನು ಹಾಸಿಗೆ, ಸ್ನಾನದ ಮನೆಗಳೊಡನೆ ಬಾಡಿಗೆಗೆ ಕೊಡುವ ಕಲ್ಪನೆಗೆ ಆದಿ ಇಲ್ಲಿಯೇ ಎನ್ನಬಹುದು. ಡಚ್ ಅಧಿಕಾರಿಗಳಿಗೆ ಅದು ಕೊಳಕು ಗುಡಿಸಲಾಗಿ ಕಂಡಿತು. ಯುದ್ಧ ಬಂತು, ಅದು ಅಳಿಯಿತು.

1942ರ ಫೆಬ್ರವರಿಯಲ್ಲಿ ಜಪಾನಿ ಸೈನ್ಯ ಇಳಿದದ್ದೂ ಸನೂರಿನಲ್ಲೇ. ಮುಂದೆ ಜಪಾನ್ ಕೊಟ್ಟ ಯುದ್ಧಪರಿಹಾರದ ಹಣದಲ್ಲಿ ಅಧ್ಯಕ್ಷ ಸುಕರ್ಣೊ ಆ ತೀರದಲ್ಲೇ ಹತ್ತು ಅಂತಸ್ತಿನ ‘ಬಾಲಿ ಬೀಚ್ ಹೋಟೆಲ್’ ಕಟ್ಟಿಸಿದರು. ಅದು ತೆರೆದದ್ದು 1966ರಲ್ಲಿ. ಆ ವರ್ಷದ ಹಿಂದುಮುಂದಿನ ತಿಂಗಳುಗಳಲ್ಲಿ ಕಮ್ಯುನಿಸ್ಟರೆಂಬ ಹೆಸರಿನಲ್ಲಿ ಬಾಲಿಯಲ್ಲಿ ಕೊಲೆಯಾದವರು ಸುಮಾರು 80 ಸಾವಿರ ಎಂದು ಚರಿತ್ರಕಾರರ ಅಂದಾಜು. ದ್ವೀಪದ ಜನಸಂಖ್ಯೆಯಲ್ಲಿ ನೂರಕ್ಕೆ ಐದರಷ್ಟು. ಪ್ರವಾಸದ ಯಾವ ಹೊತ್ತಗೆಯೂ ಈ ಎರಡು ಸಂಗತಿಗಳನ್ನು ಒಂದೇ ಪುಟದಲ್ಲಿ ಹೇಳುವುದಿಲ್ಲ.

ಆ ಹತ್ತು ಅಂತಸ್ತಿನ ಗೋಪುರವನ್ನು ಕಂಡು ಊರಿನವರಿಗೂ ಮುಜುಗರವಾಯಿತು. ಮುಂದೆ ಯಾವ ಕಟ್ಟಡವೂ ತೆಂಗಿನ ಮರಕ್ಕಿಂತ ಎತ್ತರವಿರಬಾರದು, ಅಂದರೆ ಸುಮಾರು 15 ಮೀಟರ್ ದಾಟಬಾರದು ಎಂಬ ನಿಯಮ ಬಂತು. ತೆಂಗಿನ ಮರವನ್ನು ಅಳತೆಗೋಲಾಗಿ ಮಾಡಿಕೊಂಡ ಸರಕಾರವನ್ನು ನಾವು ಮೆಚ್ಚುತ್ತೇವೆ. ಸನೂರಿನಲ್ಲೇ 1962ರಲ್ಲಿ ವಿಜಾ ವವೊರುಂತು ಎಂಬಾತ ಕೆಲವೇ ಕುಟೀರಗಳೊಡನೆ ‘ತಂಜುಂಗ್ ಸರಿ’ ಎಂಬ ಪುಟ್ಟ ವಸತಿಯನ್ನು ಆರಂಭಿಸಿದ್ದರು. ಗೋಪುರವಲ್ಲ, ಈ ಕುಟೀರಗಳೇ ಮುಂದಿನವರಿಗೆ ಮಾದರಿಯಾದವು. ಆಸ್ಟ್ರೇಲಿಯದ ವಾಸ್ತುಶಿಲ್ಪಿ ಪೀಟರ್ ಮುಲ್ಲರ್ 1970ರ ದಶಕದಲ್ಲಿ ಸೆಮಿನ್ಯಾಕ್ ತೀರದಲ್ಲಿ ಗೋಡೆಯೊಳಗಿನ ಅಂಗಳಗಳ ವಸತಿಯೊಂದನ್ನು ರಚಿಸಿದರು. ಅದು ಭಾರತದ ಒಬೆರಾಯ್ ಸಂಸ್ಥೆಯ ಕೈಗೆ ಬಂದಿತು. 1989ರಲ್ಲಿ ಉಬುದ್ ಬಳಿಯ ಕೆದೆವತನ್‌ನಲ್ಲಿ ಅವರೇ ರಚಿಸಿದ ‘ಅಮನ್‌ದಾರಿ’ಯನ್ನು ಇಡೀ ಒಂದು ಹಳ್ಳಿಯಂತೆ, ಕಾಲುದಾರಿ, ಗೋಡೆ, ಹೆಬ್ಬಾಗಿಲುಗಳೊಡನೆ ಕಟ್ಟಿದರು. ಅಯುಂಗ್ ನದಿಗೆ ಇಳಿಯುವ ಊರಿನವರ ಪೂಜೆಯ ಹಾದಿ ಆ ನೆಲದ ಮೂಲಕವೇ ಹೋಗುತ್ತದೆ, ಅದನ್ನು ಮುಚ್ಚಲಿಲ್ಲ. ಬಾಲಿ ಶೈಲಿ ಎಂದು ಇಂದು ಹೈದರಾಬಾದಿನ ಹೊರವಲಯದ ತೋಟದ ಮನೆಗಳವರೆಗೆ ಹರಡಿರುವ ರೂಪದ ವಂಶವೃಕ್ಷ ಇಷ್ಟು. ನುಸಾ ದುವಾದಲ್ಲಿ ಹೋಟೆಲುಗಳನ್ನೆಲ್ಲ ಒಂದೇ ಬೇಲಿಯೊಳಗೆ ಕೂಡಿಹಾಕಿದ ಸರಕಾರಿ ಯೋಜನೆಯ ಕಥೆ ಬೇರೆ. ಅದರ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ.

ಇಲ್ಲಿ ಒಂದು ವ್ಯತ್ಯಾಸ ನಮಗೆ ಎದ್ದು ಕಾಣುತ್ತದೆ. ನಮ್ಮ ದೇಶದ ಐಷಾರಾಮ ಅರಮನೆಯನ್ನು ನೆಚ್ಚಿಕೊಂಡಿದೆ. ಹೈದರಾಬಾದಿನ ಫಲಕ್‌ನುಮಾ 2010ರಲ್ಲಿ ಹೋಟೆಲಾಯಿತು, ಮೈಸೂರಿನ ಲಲಿತಮಹಲ್ ಅದಕ್ಕೂ ಬಹು ಮೊದಲು. ಹಂಪಿಯ ಬಳಿಯ ಕಮಲಾಪುರದಲ್ಲಿ ಅರಮನೆ ಇಲ್ಲದ ಕಡೆ ವಿಜಯನಗರದ ಅರಮನೆಯ ಮಾದರಿಯಲ್ಲೇ ಹೊಸ ರೆಸಾರ್ಟ್ ಎದ್ದಿದೆ. ಅತಿಥಿ ಒಂದು ರಾತ್ರಿಯ ಮಟ್ಟಿಗೆ ಅರಸನಾಗುತ್ತಾನೆ. ಬಾಲಿಯಲ್ಲಿ ಅವನು ರೈತನ ಅಂಗಳದಲ್ಲಿ ಮಲಗುತ್ತಾನೆ. ಅರಮನೆಯ ಅರಸರು ಇಂದಿಲ್ಲ. ಆ ಅಂಗಳದ ರೈತ ಗೋಡೆಯಾಚೆ ಇನ್ನೂ ಇದ್ದಾನೆ.

ಕರ್ನಾಟಕದಲ್ಲಿ ಇದಕ್ಕೆ ಹತ್ತಿರದ ಉದಾಹರಣೆ ಕಬಿನಿಯ ದಂಡೆ. ಅಲ್ಲಿಯ ಒಂದು ರೆಸಾರ್ಟ್ ಕಾಡುಕುರುಬರ ಹಾಡಿಯ ಗುಡಿಸಲನ್ನು ಮಾದರಿಯಾಗಿ ಇಟ್ಟುಕೊಂಡಿದೆ. ಕಬಿನಿ ಅಣೆಕಟ್ಟು 1970ರ ದಶಕದಲ್ಲಿ ಆದಾಗ ಕಾಕನಕೋಟೆಯ ಕಾಡಿನ ದೊಡ್ಡ ಭಾಗ ಮುಳುಗಿತು. ಮೈಸೂರು ಅರಸರ ಖೆಡ್ಡಾ ನಡೆಯುತ್ತಿದ್ದ ಜಾಗ ಅದು. ನೀರಿನಿಂದ ಕೆಲವರು, ವನ್ಯಧಾಮದ ಹೆಸರಿನಲ್ಲಿ ಇನ್ನು ಕೆಲವರು, ಜೇನುಕುರುಬರು, ಬೆಟ್ಟಕುರುಬರು ಕಾಡಿನಿಂದ ಹೊರಬಂದರು. ಹೀಗಿರುವಾಗ 1990ರ ದಶಕದ ಮಧ್ಯಭಾಗದಲ್ಲಿ ನಾಗರಹೊಳೆಯ ಒಳಗೇ ಒಂದು ಹೆಸರಾಂತ ಹೋಟೆಲ್ ಸಮೂಹಕ್ಕೆ ರೆಸಾರ್ಟ್ ನಡೆಸಲು ಸರಕಾರ ಗುತ್ತಿಗೆ ಕೊಟ್ಟಿತು. ಸೌದೆ ಆಯಲೂ ಬಿಡದ ಕಾಡಿನಲ್ಲಿ ಹೋಟೆಲು ಹೇಗೆ ಎಂದು ಆದಿವಾಸಿಗಳು ಕೇಳಿದರು. ನಾಗರಹೊಳೆ ಬುಡಕಟ್ಟು ಜನರ ಹಕ್ಕು ಸ್ಥಾಪನಾ ಸಮಿತಿ ಹೈಕೋರ್ಟಿಗೆ ಹೋಯಿತು. 1997ರಲ್ಲಿ ನ್ಯಾಯಾಲಯ ಆ ಗುತ್ತಿಗೆ ಅರಣ್ಯ ಕಾನೂನುಗಳಿಗೆ ವಿರುದ್ಧವೆಂದು ತೀರ್ಪಿತ್ತಿತು. ಗುಡಿಸಲಿನ ಆಕಾರಕ್ಕೆ ಹಕ್ಕುದಾರರು ಯಾರು ಎಂದು ಯಾರೂ ದಾವೆ ಹೂಡಿಲ್ಲ. ನೆಲದ ಬಗ್ಗೆ ಹೂಡಿದರು, ಗೆದ್ದರು.

ಬಾಲಿಯವರೂ ಸುಮ್ಮನಿರಲಿಲ್ಲ. ದೇವರೆದುರಿನ ಕುಣಿತವನ್ನು ಹೋಟೆಲಿನ ಊಟದ ಹೊತ್ತಿಗೆ ಆಡಿಸುತ್ತಿದ್ದಾರೆಂಬ ಕಳವಳದಿಂದ 1971ರಲ್ಲಿ ಪಂಡಿತರು, ಕಲಾವಿದರು ಸೇರಿ ಯಾವ ನೃತ್ಯ ಗುಡಿಯ ಒಳಗಿನದು, ಯಾವುದು ಹೊರಗಿನದು, ಯಾವುದು ಬರಿಯ ನೋಟಕ್ಕೆ ಎಂದು ಮೂರು ವಿಂಗಡಣೆ ಮಾಡಿದರು. ಸ್ವಾಗತಕ್ಕೆ ಗುಡಿಯ ‘ಪೆಂದೆತ್’ ಬೇಡವೆಂದು ‘ಪನ್ಯೆಂಬ್ರಮ’ ಎಂಬ ಹೊಸ ನೃತ್ಯವೇ ಹುಟ್ಟಿತು. 2022ರಲ್ಲಿ ‘ಕಾಂತಾರ’ ಚಿತ್ರ ಬಂದ ಮೇಲೆ ದೈವದ ವೇಷವನ್ನು ವೇದಿಕೆ, ಮೆರವಣಿಗೆಗಳಲ್ಲಿ ಅನುಕರಿಸುವುದರ ಬಗ್ಗೆ ತುಳುನಾಡಿನಲ್ಲಿ ಎದ್ದ ಚರ್ಚೆಯನ್ನು ಅನುಸರಿಸಿದವರಿಗೆ ಈ ಕಳವಳ ಬಿಡಿಸಿ ಹೇಳಬೇಕಾಗಿಲ್ಲ. 1990ರ ದಶಕದಲ್ಲಿ ತಾನಾ ಲೋತ್ ಸಮುದ್ರಗುಡಿಯ ಎದುರು ಗಾಲ್ಫ್ ಮೈದಾನದ ರೆಸಾರ್ಟ್ ಬರುವುದಾದಾಗ ದೊಡ್ಡ ಪ್ರತಿಭಟನೆಯಾಯಿತು. ಹಿಂದೂ ಪರಿಷತ್ತು 1994ರಲ್ಲಿ ಗುಡಿಯ ದರ್ಜೆಗೆ ತಕ್ಕಂತೆ ಇಷ್ಟು ಕಿಲೋಮೀಟರ್ ಒಳಗೆ ಹೋಟೆಲು ಕೂಡದು ಎಂದು ವಿಧಿಸಿತು. ರೆಸಾರ್ಟ್ ಹೇಗೂ ಬಂತು. ಬೆನೋವಾ ಕೊಲ್ಲಿಯನ್ನು ತುಂಬಿಸಿ ವಿಹಾರದ್ವೀಪ ಮಾಡುವ ಯೋಜನೆಯ ವಿರುದ್ಧ 2013ರಿಂದ ವರ್ಷಗಟ್ಟಲೆ ನಡೆದ ಹೋರಾಟದಲ್ಲಿ ಹಳ್ಳಿಯ ಸಭೆಗಳು ‘ಪುಪುತಾನ್’ ಎಂಬ ಹಳೆಯ ಮಾತನ್ನೇ ಮತ್ತೆ ಎತ್ತಿದವು. ಆ ಯೋಜನೆ ನಿಂತಿತು.

ನಮಗೆ ಎಲ್ಲಕ್ಕಿಂತ ಹೆಚ್ಚು ತಟ್ಟಿದ್ದು ನೀರು. ರೆಸಾರ್ಟಿನ ಈಜುಕೊಳದ ಅಂಚು ಕಾಣದಂತೆ ಮಾಡಿ, ಅದರಾಚೆಯ ಭತ್ತದ ಗದ್ದೆಯ ಮೆಟ್ಟಿಲುಗಳಿಗೇ ಸೇರಿಕೊಂಡಂತೆ ತೋರಿಸಿದ್ದರು. ಆ ಗದ್ದೆಗಳ ನೀರಿಗೆ ‘ಸುಬಕ್’ ಎಂಬ ರೈತರ ಕೂಟಗಳು ಹೊಣೆ. 11ನೇ ಶತಮಾನದ ಶಾಸನಗಳಲ್ಲೇ ಇವುಗಳ ಉಲ್ಲೇಖವಿದೆ. ಮೇಲಿನ ಗದ್ದೆಗೆ ಎಂದು ನೀರು, ಕೆಳಗಿನದಕ್ಕೆ ಎಂದು, ಯಾವಾಗ ಎಲ್ಲರೂ ಒಟ್ಟಿಗೆ ಗದ್ದೆ ಪಾಳು ಬಿಡಬೇಕು ಎಂಬುದನ್ನು ನೀರಿನ ಗುಡಿಗಳ ಪೂಜೆಯ ಪಂಚಾಂಗ ನಿರ್ಣಯಿಸುತ್ತದೆ. 1970ರ ದಶಕದ ಹಸಿರು ಕ್ರಾಂತಿಯಲ್ಲಿ ಈ ಪಂಚಾಂಗ ಮೂಢನಂಬಿಕೆ, ಸಾಧ್ಯವಾದಷ್ಟು ಬೆಳೆ ತೆಗೆಯಿರಿ ಎಂದರು. ಪಾಳಿನ ಕಾಲ ತಪ್ಪಿದ್ದರಿಂದ ಹುಳಗಳಿಗೆ ಸದಾ ಹಬ್ಬವಾಯಿತು, ಬೆಳೆ ಹೋಯಿತು. ಗುಡಿಯ ಪಂಚಾಂಗ ನಿಜಕ್ಕೂ ಕೀಟ ನಿಯಂತ್ರಣದ ಲೆಕ್ಕಾಚಾರ ಎಂಬುದನ್ನು ಮಾನವಶಾಸ್ತ್ರಜ್ಞ ಸ್ಟೀಫನ್ ಲಾನ್ಸಿಂಗ್ ತೋರಿಸಿಕೊಟ್ಟರು. 2012ರಲ್ಲಿ ಯುನೆಸ್ಕೊ ಸುಬಕ್ ಭೂದೃಶ್ಯವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಕೆರೆಗಳ ನೀರುಗಂಟಿಗಳಿಗೆ ಅಂಥ ಗೌರವ ದೊರೆಯಲಿಲ್ಲ. ಕುಷಾಯಿಗೂಡದ ನೆರೆಯ ಕಾಪ್ರಾ ಚೆರುವಿನ ದಂಡೆಯಲ್ಲಿ ನಡೆದಾಡುವ ನಮ್ಮಲ್ಲಿ ಎಷ್ಟು ಜನರಿಗೆ ಅದರ ತೂಬು ಎಲ್ಲಿತ್ತೆಂದು ಗೊತ್ತು? ಇತ್ತ ಬಾಲಿಯಲ್ಲಿ ಗದ್ದೆಯ ದೃಶ್ಯಕ್ಕೆ ಬೆಲೆ ಏರಿದಷ್ಟೂ ಗದ್ದೆಯ ನೆಲಕ್ಕೂ ಏರಿದೆ. ರೈತ ಮಾರುತ್ತಾನೆ, ಅಲ್ಲಿ ವಿಲ್ಲಾ ಬರುತ್ತದೆ, ಅದರ ಕೊಳವೆಬಾವಿ ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ಹೂವಿನ ತಟ್ಟೆ ಇಡಲು ಬರುತ್ತಿದ್ದ ಹೆಣ್ಣುಮಗಳು, ನೀವು ಮಲಗಿರುವ ಕಡೆ ನಮ್ಮ ದೊಡ್ಡಪ್ಪನ ಗದ್ದೆ ಇತ್ತು ಎಂದು ನಮ್ಮ ಹೆಂಗಸರಿಗೆ ಹೇಳಿದಳು. ದೂರುವ ದನಿ ಅದಾಗಿರಲಿಲ್ಲ. ಅವಳಿಗೆ ಆ ಕೆಲಸದಿಂದ ಮಗನ ಓದು ನಡೆಯುತ್ತಿದೆ.

ಒಂದು ದಿನ ಮಾತ್ರ ಈ ಸಂಬಂಧ ತಲೆಕೆಳಗಾಗುತ್ತದೆ. ಬಾಲಿಯವರು ನಮ್ಮಂತೆಯೇ ಶಕ ವರ್ಷವನ್ನು ಎಣಿಸುತ್ತಾರೆ. ಅವರ ಹೊಸವರ್ಷ ‘ನ್ಯೆಪಿ’ ಅಮಾವಾಸ್ಯೆಯ ಮರುದಿನ. ಕೆಲವು ವರ್ಷ ಅದು ಯುಗಾದಿಗಿಂತ ಬೇರೆ ತಿಂಗಳಿಗೆ ಸರಿಯುತ್ತದೆ. 2023ರ ಮಾರ್ಚ್ 22ರಂದು ಎರಡೂ ಒಂದೇ ದಿನ ಬಂದವು, ಇಬ್ಬರಿಗೂ ಶಕ 1945. ನಾವು ಬೇವುಬೆಲ್ಲ ತಿಂದು ಹೋಳಿಗೆಗೆ ಕಾಯುವ ದಿನ ಅವರು ಬೆಂಕಿ ಹೊತ್ತಿಸುವುದಿಲ್ಲ, ದೀಪ ಹಚ್ಚುವುದಿಲ್ಲ, ಕೆಲಸ ಮಾಡುವುದಿಲ್ಲ, ಮನೆ ಬಿಟ್ಟು ಹೊರಡುವುದಿಲ್ಲ. ವಿಮಾನ ನಿಲ್ದಾಣ 24 ಗಂಟೆ ಮುಚ್ಚಿರುತ್ತದೆ. ‘ಪೆಚಲಂಗ್’ ಎಂಬ ಊರ ಕಾವಲುಗಾರರು ಕಪ್ಪುಬಿಳುಪು ಚೌಕಳಿಯ ಪಂಚೆಯುಟ್ಟು ಬೀದಿಗಳಲ್ಲಿ ನಡೆಯುತ್ತಾರೆ. ರೆಸಾರ್ಟಿನ ಕಿಟಕಿಗಳಿಗೂ ಪರದೆ ಎಳೆಯಬೇಕು, ಹೊರಗಿನ ದೀಪಗಳನ್ನೆಲ್ಲ ಆರಿಸಬೇಕು. ಎಷ್ಟೇ ಹಣ ತೆತ್ತ ಅತಿಥಿಯಾದರೂ ಬೆಳಗಾಗುವವರೆಗೆ ಹೆಬ್ಬಾಗಿಲು ದಾಟುವಂತಿಲ್ಲ.